ಆರಿಹೋಗುವ ಅಕ್ಷರಗಳು

ಪೂರ್ವ ಏಷ್ಯಾದ ಇಂದಿನ ಮಸಿಕಲೆಯ ಬಗ್ಗೆ ಬರೆಯಹೊರಟವರ ಕೈಗೆ ತಕ್ಷಣ ಸಿಗುವ ಮಾತು ‘ಅನಿತ್ಯ’. ಕೃತಿಯಲ್ಲಿ ನೀರಿನ ಸುಳಿವು ಕಂಡರೆ ಸಾಕು, ಬುದ್ಧ, ದಾವ್, ಝೆನ್ ಎಲ್ಲರೂ ಒಟ್ಟಿಗೆ ಬಂದು ಕೂರುತ್ತಾರೆ. ಆದರೆ ಮಸಿಯನ್ನೇ ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಪೈನ್ ಮರವನ್ನೋ ಎಣ್ಣೆಯನ್ನೋ ಸುಟ್ಟು ಹಿಡಿದ ಕಾಡಿಗೆಗೆ ಪ್ರಾಣಿಗಳ ಚರ್ಮದಿಂದ ತೆಗೆದ ಅಂಟು ಕಲಸಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದರೆ ಮಸಿಗಟ್ಟಿ ಸಿದ್ಧ. ಬರೆಯುವ ಮುನ್ನ ಅದನ್ನು ಕಲ್ಲಿನ ಮೇಲೆ ನೀರು ಹನಿಸಿ ಗಂಧ ತೇಯ್ದಂತೆ ತೇಯುತ್ತಾರೆ. ಕಾಡಿಗೆಯೆಂದರೆ ಇಂಗಾಲ, ಅದು ಬಿಸಿಲಿಗೆ ಮಾಸುವುದಿಲ್ಲ. ಅಂಟು ಒಣಗಿ ಕಾಗದದ ನಾರನ್ನು ಹಿಡಿದ ಮೇಲೆ ನೀರು ತಾಕಿದರೂ ಸುಲಭಕ್ಕೆ ಕದಲುವುದಿಲ್ಲ. ಶತಮಾನಗಳ ಹಿಂದಿನ ಸುರುಳಿಚಿತ್ರಗಳನ್ನು ತೋಯಿಸಿ, ಹಿಂಬದಿಯ ಕಾಗದ ಬಿಡಿಸಿ, ಹೊಸದಾಗಿ ಅಂಟಿಸುವ ಕಸುಬು ನಡೆದುಬಂದಿರುವುದೇ ಈ ಗಟ್ಟಿತನದಿಂದ. ಮನುಷ್ಯ ಕಂಡುಕೊಂಡ ಬಣ್ಣಗಳಲ್ಲೆಲ್ಲ ಬಹಳ ಕಾಲ ಬಾಳುವಂಥದ್ದು ಇದು. ಹೋಗುವುದು ನೀರು ಮಾತ್ರ. ಕಾಡಿಗೆಯನ್ನು ಹೊತ್ತು ತಂದು, ಕಾಗದದಲ್ಲಿ ಎಷ್ಟು ಹರಡಬೇಕೆಂದು ತೀರ್ಮಾನಿಸಿ, ತಾನು ಆರಿಹೋಗುತ್ತದೆ. ಕುಂಚ ಎಷ್ಟು ಒದ್ದೆಯಿತ್ತು, ಕೈ ಎಲ್ಲಿ ತಡೆಯಿತು, ಎಲ್ಲಿ ಓಡಿತು ಎಂಬುದನ್ನೆಲ್ಲ ನೋಡುಗ ಕಪ್ಪಿನ ಗಾಢತೆಯಿಂದ ಓದಿಕೊಳ್ಳುತ್ತಾನೆ. ತಿದ್ದಲು ಅವಕಾಶವಿಲ್ಲದ ಈ ಕಲೆಯಲ್ಲಿ ಗುರುತೇ ಸಾಕ್ಷಿ. ಕೈ ಮಾಡಿದ್ದನ್ನು ಗುರುತು ಸಾವಿರ ವರ್ಷ ಹೇಳಬೇಕು ಎಂಬುದು ಇದರ ಹಳೆಯ ಆಸೆ.

ಚೀನಾದ ಕೆಲವು ಸಮಕಾಲೀನ ಕಲಾವಿದರು ತಿರುಗಿಬಿದ್ದಿರುವುದು ಈ ಆಸೆಯ ಮೇಲೆ. ಕೈಯ ಕೆಲಸವನ್ನು ಉಳಿಸಿಕೊಂಡು ಸಾಕ್ಷಿಯನ್ನು ನಿರಾಕರಿಸುವುದು ಅವರ ದಾರಿ. ಲೋಕ ನಶ್ವರ ಎಂದು ನೆನಪಿಸುವುದಕ್ಕಿಂತ ಇದು ಬೇರೆ, ಮತ್ತು ಹೆಚ್ಚು ಹರಿತವಾದ ಕೆಲಸ. ಇಂಥ ಕೃತಿಗಳನ್ನು ಅಳೆಯಬೇಕಾದದ್ದು ಎಷ್ಟು ಚೆಂದವಾಗಿ ಅಳಿಯುತ್ತವೆ ಎಂಬುದರಿಂದಲ್ಲ. ಅಳಿದದ್ದರಿಂದ ಯಾರಿಗೆ ಏನು ಸಿಗದೆ ಹೋಯಿತು ಎಂಬುದರಿಂದ.

1966ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಸಾಂಗ್ ಡಾಂಗ್ 1995ರಿಂದ ಬರೆಯುತ್ತ ಬಂದಿರುವ ‘ನೀರಿನ ದಿನಚರಿ’ಯನ್ನು ನೋಡಿ. ಒಂದು ಕಲ್ಲಿನ ಚಪ್ಪಡಿ, ಒಂದು ಕುಂಚ, ಬರಿಯ ನೀರು. ಅಂದಂದಿನ ದಿನಚರಿಯನ್ನು ಚಪ್ಪಡಿಯ ಮೇಲೆ ನೀರಿನಲ್ಲಿ ಬರೆಯುತ್ತಾರೆ. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಅಕ್ಷರಗಳು ಆರತೊಡಗಿರುತ್ತವೆ. ಮನೆಯಲ್ಲಿ ಮಸಿ, ಕಾಗದ ಕೊಳ್ಳುವುದು ಕಷ್ಟವಾಗಿದ್ದ ಬಾಲ್ಯದಲ್ಲಿ, ಕಲ್ಲಿನ ಮೇಲೆ ನೀರಿನಿಂದಲೇ ಅಕ್ಷರ ತಿದ್ದು ಎಂದು ಹೇಳಿಕೊಟ್ಟವರು ಅವರ ತಂದೆ. ಹಾಗಾಗಿ ಈ ಕೃತಿಯ ಬೇರು ಮಠಕ್ಕಿಂತ ಮೊದಲು ಬಡತನದಲ್ಲಿದೆ. ಇನ್ನೊಂದು ಬೇರು ಭಯದ್ದು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಮನೆಗಳನ್ನು ಜಾಲಾಡಿ ಹೊರಗೆಳೆದ ಪತ್ರ, ದಿನಚರಿಗಳು ಬರೆದವರ ವಿರುದ್ಧವೇ ಪುರಾವೆಯಾದದ್ದುಂಟು. ಸಾಂಗ್ ಡಾಂಗ್ ಅವರ ತಂದೆಯೂ ಕ್ರಾಂತಿವಿರೋಧಿ ಎಂಬ ಹಣೆಪಟ್ಟಿ ಹೊತ್ತು ‘ಮರುಶಿಕ್ಷಣ’ದ ಶಿಬಿರದಲ್ಲಿ ವರ್ಷಗಳನ್ನು ಕಳೆದವರು. ಇಂಥ ಮನೆಯ ಮಗ ಯಾರೂ ಓದಲಾಗದ ದಿನಚರಿ ಬರೆಯುತ್ತಾನೆ ಎಂದರೆ ಅದನ್ನು ಧ್ಯಾನ ಎಂದಷ್ಟೇ ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ. ಇಲ್ಲಿ ಆವಿಯಾಗುವಿಕೆ ಒಂದು ಬೀಗ. ಏನು ಬೇಕಾದರೂ ಬರೆಯಬಹುದು, ಏಕೆಂದರೆ ತನಿಖೆಗೆ ಒದಗುವುದು ಕಲ್ಲು ಮಾತ್ರ.

ಮಸಿಯೇ ಇಲ್ಲದ್ದು ಮಸಿಕಲೆ ಹೇಗಾದೀತು ಎಂಬ ತಕರಾರು ಸಹಜ. ಆದರೆ ಮಸಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಇಲ್ಲಿದೆ: ಕುಂಚದ ಹಿಡಿತ, ಗೀಟುಗಳ ಕ್ರಮ, ಒತ್ತಿ ಎತ್ತುವ ಲಯ, ನಿತ್ಯದ ಅಭ್ಯಾಸ. ಚೀನಾದ ಅಕ್ಷರಕಲೆಯಲ್ಲಿ ಅಭ್ಯಾಸಕ್ಕೂ ಕೃತಿಗೂ ನಡುವೆ ಗೋಡೆಯಿಲ್ಲ. ನೀರಿನಲ್ಲಿ ಬರೆದು ಕಲಿಯಲೆಂದೇ ಮಾಡಿದ ಬಟ್ಟೆ ಅಲ್ಲಿ ಅಂಗಡಿಗಳಲ್ಲಿ ಸಿಗುತ್ತದೆ. ಸಾಂಗ್ ಡಾಂಗ್ ಕಲಿಕೆಯ ಈ ಮೊದಲ ಮೆಟ್ಟಿಲಲ್ಲೇ ನಿಂತು, ಇದೇ ಕೊನೆಯ ಮೆಟ್ಟಿಲು ಎನ್ನುತ್ತಾರೆ. ಪರಂಪರೆಗೆ ಇಷ್ಟು ಹತ್ತಿರವಾದ ಕೃತಿಯನ್ನು ಮಸಿಯ ಹೆಸರಿನಲ್ಲಿ ಹೊರಗಿಟ್ಟು, ನೂರು ವಿಧದ ಅಕ್ರಿಲಿಕ್ ಬೆರೆಸಿದ ದೊಡ್ಡ ಚಿತ್ರಗಳನ್ನು ಒಳಗೆ ಕರೆಯುವುದು ವಿಚಿತ್ರ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಫೋಟೊಗಳದ್ದು. ಅಳಿಯಲೆಂದೇ ಬರೆದದ್ದನ್ನು ಕ್ಯಾಮೆರಾದಲ್ಲಿ ಹಿಡಿದು, ಚೌಕಟ್ಟು ಹಾಕಿ ಸಂಗ್ರಹಾಲಯಕ್ಕೆ ಕೊಟ್ಟ ಮೇಲೆ ಅನಿತ್ಯದ ಮಾತು ಸೋಗಲ್ಲವೇ? ‘ನೀರಿನ ದಿನಚರಿ’ಯ ಮಟ್ಟಿಗೆ ಈ ಆಕ್ಷೇಪ ನಿಲ್ಲದು. ಅದರ ಬೆರಳೆಣಿಕೆಯ ಫೋಟೊಗಳಲ್ಲಿ ಕಲ್ಲು, ಕೈ, ಒದ್ದೆಯ ಗುರುತು ಕಾಣುತ್ತವೆ. ವರ್ಷಗಟ್ಟಲೆ ಬರೆದದ್ದೇನು ಎಂಬುದು ಹೊರಬರುವುದಿಲ್ಲ. ದಿನಚರಿ ಇತ್ತು ಎಂದಷ್ಟೇ ಫೋಟೊ ಹೇಳುತ್ತದೆ. ಅವರದೇ ಇನ್ನೊಂದು, ಲ್ಹಾಸಾ ನದಿಯ ಕೃತಿಯ ವಿಷಯದಲ್ಲಿ ಮಾತ್ರ ನಾನು ಇಷ್ಟು ಉದಾರಿಯಾಗಲಾರೆ. 1996ರಲ್ಲಿ ಅಮೆರಿಕದ ಕಲಾವಿದೆ ಬೆಟ್ಸಿ ಡೇಮನ್ ಲ್ಹಾಸಾದಲ್ಲಿ ನೀರಿನ ಕುರಿತೇ ಏರ್ಪಡಿಸಿದ ಕಲಾಕಾರ್ಯಕ್ರಮದಲ್ಲಿ ಸಾಂಗ್ ಡಾಂಗ್ ನದಿಯೊಳಗೆ ಕುಳಿತು, ‘ನೀರು’ ಎಂಬ ಚೀನೀ ಅಕ್ಷರ ಕೆತ್ತಿದ ದೊಡ್ಡ ಮರದ ಮುದ್ರೆಯನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ನೀರಿಗೆ ಒತ್ತಿದರು. ಒಂದು ತಾಸಿನಷ್ಟು ಹೊತ್ತು, ಮತ್ತೆ ಮತ್ತೆ. ಕಲ್ಪನೆ ಅದ್ಭುತ. ಚೀನೀ ಚಿತ್ರಗಳಲ್ಲಿ ಮುದ್ರೆ ಎಂದರೆ ಬರೆದವನ ಸಹಿ, ಜೊತೆಗೆ ಕೊಂಡವನ ಹಕ್ಕು. ಚಿಯಾನ್‌ಲಾಂಗ್ ಚಕ್ರವರ್ತಿ ತನ್ನ ಸಂಗ್ರಹದ ಚಿತ್ರಗಳ ಮೇಲೆಲ್ಲ ಮುದ್ರೆ ಒತ್ತಿ ಬಾನು, ಮಂಜುಗಳನ್ನೂ ತುಂಬಿಸಿಬಿಟ್ಟ. ಟಿಬೆಟ್‌ನ ನದಿಗೆ ಬೀಜಿಂಗ್‌ನಿಂದ ಬಂದವನೊಬ್ಬ ಚೀನೀ ಅಕ್ಷರದ ಮುದ್ರೆ ಒತ್ತುತ್ತಾನೆ, ನದಿ ಅದನ್ನು ಒಪ್ಪಿಕೊಳ್ಳುವುದಿಲ್ಲ ಎಂಬಲ್ಲಿ ರಾಜಕೀಯದ ಮೊನೆಯೂ ಇದೆ. ಆದರೆ ನಮಗೆ ಉಳಿದಿರುವುದು 36 ಬಣ್ಣದ ಫೋಟೊಗಳ ಗೋಡೆ. ಎತ್ತಿದ ಮುದ್ರೆ, ಚಿಮ್ಮಿದ ಹನಿ, ಮತ್ತೆ ಎತ್ತಿದ ಮುದ್ರೆ. ನದಿ ಒಲ್ಲೆನೆಂದದ್ದನ್ನು ಫೋಟೊ ಕಾಗದ ಒಪ್ಪಿಕೊಂಡಿದೆ. ಪ್ರತಿ ಚೌಕಟ್ಟಿನಲ್ಲೂ ಕಲಾವಿದನ ಭಂಗಿ ವೀರಗಲ್ಲಿನಂತೆ ನಿಂತುಬಿಡುತ್ತದೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಸಂಗ್ರಹಾಲಯ 2013ರ ಕೊನೆಯಲ್ಲಿ ತೆರೆದ ಚೀನಾದ ಮಸಿಕಲೆಯ ಪ್ರದರ್ಶನದಲ್ಲಿ ಈ ಕೃತಿಯನ್ನು ಸೇರಿಸಿಕೊಂಡದ್ದು ಸರಿಯೇ. ಆದರೂ ಕ್ರಿಯೆಗಿಂತ ದಾಖಲೆ ಭಾರವಾಗಿದೆ ಎಂಬ ನನ್ನ ದೂರು ಉಳಿಯುತ್ತದೆ.

ಅದೇ ಪ್ರದರ್ಶನದಲ್ಲಿದ್ದ ಚ್ಯೂ ಝಿಜಿಯೆ ಅವರ ಕೃತಿ ಈ ತೊಡಕನ್ನು ಬೇರೆ ದಿಕ್ಕಿನಿಂದ ಬಿಡಿಸುತ್ತದೆ. ಇಲ್ಲಿ ಮಸಿ ಧಾರಾಳವಾಗಿದೆ. 1990ರಿಂದ ಕೆಲವು ವರ್ಷ ಅವರು ವಾಂಗ್ ಷಿಝಿ ಬರೆದ ‘ಆರ್ಕಿಡ್ ಮಂಟಪದ ಮುನ್ನುಡಿ’ಯನ್ನು ಒಂದೇ ಹಾಳೆಯ ಮೇಲೆ ಸಾವಿರ ಬಾರಿ ನಕಲು ಮಾಡಿದರು. ಮೂಲ ಬರಹ ಕ್ರಿ.ಶ. 353ರದ್ದು. ಅತಿಥಿಗಳು ತೊರೆಯ ದಡದಲ್ಲಿ ಕುಳಿತು, ಹರಿಯುವ ನೀರಿನಲ್ಲಿ ತೇಲಿಬರುವ ಮದ್ಯದ ಬಟ್ಟಲಿಗೆ ಕಾಯುತ್ತ ಕವಿತೆ ಕಟ್ಟಿದ ವಸಂತದ ಕೂಟಕ್ಕೆ ಅದು ಮುನ್ನುಡಿ. ಸಂತೋಷದಿಂದ ಶುರುವಾಗಿ ಸಾವಿನ ಚಿಂತೆಗೆ ಹೊರಳುವ ಬರಹ. ಟಾಂಗ್ ವಂಶದ ತೈಝಾಂಗ್ ಚಕ್ರವರ್ತಿ ಮೂಲಪ್ರತಿಯನ್ನು ತನ್ನ ಸಮಾಧಿಯೊಳಕ್ಕೇ ಒಯ್ದ ಎಂಬ ಪ್ರತೀತಿ ಇದೆ. ಇಂದು ಜಗತ್ತಿನಲ್ಲಿರುವುದೆಲ್ಲ ನಕಲು, ನಕಲಿನ ನಕಲು. ಚೀನೀ ಅಕ್ಷರಕಲೆಯ ಶಿಖರವೆಂದು ಎಲ್ಲರೂ ಒಪ್ಪುವ ಕೃತಿಯನ್ನು ಕಂಡವರು ಸಾವಿರ ವರ್ಷಗಳಿಂದ ಯಾರೂ ಇಲ್ಲ! ಚ್ಯೂ ನಕಲು ಮಾಡುತ್ತ ಹೋದಂತೆ ಹಾಳೆ ತುಂಬಿತು. ಸುಮಾರು 50 ಸಲದ ಹೊತ್ತಿಗೆ ಪೂರ್ತಿ ಕಪ್ಪಾಯಿತು. ವಿಡಿಯೊ ದಾಖಲೆಯೂ ಅಲ್ಲಿಗೆ ನಿಲ್ಲುತ್ತದೆ. ಅನಂತರದ ನೂರಾರು ನಕಲುಗಳು ಕಪ್ಪಿನ ಮೇಲಿನ ಕಪ್ಪು. ಹಾಗೆ ಬರೆದ ಅಕ್ಷರ ಒದ್ದೆ ಇರುವಷ್ಟು ಹೊತ್ತು ಹೊಳೆದು ಕಾಣಬಹುದು, ಆರಿದ ಕೂಡಲೇ ಹಿನ್ನೆಲೆಗೆ ಸೇರಿಹೋಗುತ್ತದೆ. ಮಸಿ ಹಾಳೆಯಲ್ಲೇ ಇದೆ, ಆದರೆ ಅಕ್ಷರವನ್ನು ಕಾಣಿಸುತ್ತಿದ್ದದ್ದು ನೀರು. ಇಲ್ಲಿ ದಾಖಲೆ ಕೃತಿಗೆ ದ್ರೋಹ ಮಾಡುವ ಪ್ರಶ್ನೆಯೇ ಇಲ್ಲ. ಕಪ್ಪು ಹಾಳೆಯ ಮುಂದೆ ನಿಂತವನಿಗೆ ಪುರಾವೆ ಅತಿಯಾಗಿ ಸಿಕ್ಕಿದೆ, ಅದಕ್ಕೇ ಏನೂ ಸಿಕ್ಕಿಲ್ಲ.

ಇನ್ನೊಂದು ಮಾತು ಕೇಳಿಬರುವುದುಂಟು: ಬೀಜಿಂಗ್‌ನ ಉದ್ಯಾನಗಳಲ್ಲಿ ನಿವೃತ್ತರು ಉದ್ದ ಹಿಡಿಯ ಸ್ಪಂಜಿನ ಕುಂಚವನ್ನು ನೀರಿನಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಹಳೆಯ ಕವಿತೆಗಳನ್ನು ಬರೆಯುತ್ತಾರೆ. ಬಿಸಿಲಿಗೆ ನಾಲ್ಕಾರು ನಿಮಿಷದಲ್ಲಿ ಅವೂ ಆರುತ್ತವೆ. ಅವರು ಬಿಟ್ಟಿಯಾಗಿ ಮಾಡುವುದನ್ನೇ ಕಲಾವಿದರು ಗ್ಯಾಲರಿಗೆ ಒಯ್ದರಲ್ಲವೇ? ಉದ್ಯಾನದ ಬರಹದ ಸೊಗಸನ್ನು ನಾನು ಕಡೆಗಣಿಸುವುದಿಲ್ಲ; ಹಲವು ಗ್ಯಾಲರಿ ಕೃತಿಗಳಿಗಿಂತ ಅಲ್ಲಿನ ಕೈ ಪಳಗಿದೆ. ಆದರೆ ಅದರ ಜೀವ ಸುತ್ತ ನಿಂತವರಲ್ಲಿದೆ. ಗೀಟು ಸರಿಯಿಲ್ಲ ಎನ್ನುವವರು, ಭೇಷ್ ಎನ್ನುವವರು ಇಲ್ಲದೆ ಅದು ನಡೆಯದು. ಎಲ್ಲರಿಗೂ ಗೊತ್ತಿರುವ ಕವಿತೆ ಆರಿಹೋದರೆ ನಷ್ಟವಾಗುವುದು ಯಾರಿಗೂ ಅಲ್ಲ. ಯಾರಿಗೂ ಗೊತ್ತಿಲ್ಲದ ದಿನಚರಿ ಆರಿಹೋದರೆ ಅದು ಸಂಪೂರ್ಣ ಹೋಯಿತು.

ಈ ಅಳತೆಗೋಲು ಹಿಡಿದರೆ ಹೆಸರಾಂತ ಕೆಲವು ಜಲಪ್ರಯೋಗಗಳು ತೂಕ ಕಳೆದುಕೊಳ್ಳುತ್ತವೆ. 1970ರ ದಶಕದಲ್ಲಿ ಲ್ಯೂ ಗುವೊಸಾಂಗ್ ನೀರಿನ ಮೇಲೆ ಮಸಿ ತೇಲಿಸಿ, ಕಾಗದ ಇಳಿಸಿ, ಸುಳಿಯ ವಿನ್ಯಾಸವನ್ನು ಎತ್ತಿಕೊಂಡ ರೀತಿ ಜಾಣತನದ್ದು. ಜಪಾನಿನಲ್ಲಿ ಇಂಥ ಕಾಗದ ಶತಮಾನಗಳಿಂದ ಇದೆ. ಈ ವಿಧಾನದಲ್ಲಿ ಕಲಾವಿದ ಕ್ಷಣವನ್ನು ಹಿಡಿಯುತ್ತಾನೆ, ಬಿಡುವುದಿಲ್ಲ. ಬಿಂಗ್‌ಯಿ ಬೆಟ್ಟ ಕಣಿವೆಗಳಲ್ಲಿ ಬೃಹತ್ ಕಾಗದ ಹಾಸಿ ಮಳೆ, ಗಾಳಿ, ಇಬ್ಬನಿಗಳಿಂದ ಕೆಲಸ ಮಾಡಿಸಿಕೊಂಡ ಚಿತ್ರಗಳು ನೋಡಲು ಭವ್ಯ, ಆದರೆ ಅಲ್ಲಿ ನೀರು ಆಳು, ಯಜಮಾನಿ ಕಲಾವಿದೆ. ಸಾಂಗ್ ಡಾಂಗ್ ಕೂಡ ಮುಂದೆ ಬೀದಿಗಳಲ್ಲಿ ಜನರ ಎದುರು ನೀರಿನಿಂದ ಗಂಟೆ, ನಿಮಿಷಗಳನ್ನು ಬರೆದಾಗ ಕೃತಿ ಅಚ್ಚುಕಟ್ಟಾಯಿತು, ತೆಳುವೂ ಆಯಿತು. ಗಡಿಯಾರ ತೋರಿಸುವುದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯ ಯಾರಿಗಿದೆ? ಈ ಎಲ್ಲದರ ನಡುವೆ ನನ್ನ ಮಟ್ಟಿಗೆ ಗಟ್ಟಿಯಾಗಿ ನಿಲ್ಲುವ ಕೃತಿಗಳು ಎರಡೇ, ಚ್ಯೂ ಅವರ ಕಪ್ಪು ಹಾಳೆ ಮತ್ತು ‘ನೀರಿನ ದಿನಚರಿ’. ಎರಡರಲ್ಲಿ ದಿನಚರಿಯೇ ದೊಡ್ಡದು. ಹಾಳೆಯನ್ನು ಕೊನೆಗೂ ಗೋಡೆಗೆ ತೂಗುಹಾಕಬಹುದು, ದಿನಚರಿಯನ್ನು ತೂಗುಹಾಕಲು ಬರುವುದಿಲ್ಲ.