ಘಟಪ್ರದೀಪನ್ಯಾಯವೂ ಗಾಜಿನ ವಿದ್ಯುದ್ದೀಪವೂ

ಕ್ರಿ. ಶ. 9ನೆಯ ಶತಮಾನದ ಆನಂದವರ್ಧನನು ತನ್ನ ಧ್ವನ್ಯಾಲೋಕದಲ್ಲಿ ದೀಪವನ್ನು ಒಂದಕ್ಕಿಂತ ಹೆಚ್ಚು ಕಡೆ ದೃಷ್ಟಾಂತವಾಗಿ ತಂದಿರುವನು. ಬೆಳಕನ್ನು ಬಯಸುವವನು ದೀಪಶಿಖೆಯನ್ನು ಉಪಾಯವೆಂದು ಆದರಿಸುವಂತೆ ವ್ಯಂಗ್ಯಾರ್ಥವನ್ನು ಬಯಸುವವನು ವಾಚ್ಯಾರ್ಥವನ್ನು ಆದರಿಸುವನೆಂಬುದು ಒಂದು ಮಾತು. ದೀಪವು ತಾನು ತೋರುತ್ತಲೇ ಘಟವನ್ನೂ ತೋರಿಸುವುದೆಂಬುದು ಇನ್ನೊಂದು. ಕಾವ್ಯವನ್ನು ಅಳೆಯಲು ನೆರವಾದ ದೀಪವನ್ನೇ ಈಗ ಕಾವ್ಯಮೀಮಾಂಸೆಯಿಂದ ಅಳೆಯಬೇಕಾದ ಸಂದರ್ಭ ಒದಗಿದೆ. ಪೂರ್ವಿಕರ ಗಾಜಿನ ಕುಶಲಕರ್ಮವನ್ನೂ ನವೀನ ವಿದ್ಯುತ್ತಂತ್ರವನ್ನೂ ಬೆಸೆದ ಅಲಂಕಾರದೀಪಗಳು ಬಳಕೆಗೆ ಬಂದಿವೆ. ಇವುಗಳಲ್ಲಿ ಗ್ರಾಹ್ಯವಾವುದು, ತ್ಯಾಜ್ಯವಾವುದು?

ಕೋಲಾರದ ಸೀಮೆಗೆ ಈ ವಿಚಾರವು ಹೊರಗಿನದಲ್ಲ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು 1905ರಲ್ಲಿ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಂತಹ ಊರುಗಳ ಇರುಳಿಗಾದರೋ ಆಮೇಲೆಯೂ ಸೀಮೆಎಣ್ಣೆಯ ಲಾಂದ್ರವೇ ಗತಿಯಾಗಿದ್ದಿತು. ಆ ಲಾಂದ್ರದ ಗಾಜಿನ ಬುರುಡೆಯ ಆಕಾರವು ಕೇವಲ ಶೋಭೆಗಾಗಿ ಹುಟ್ಟಿದುದಲ್ಲ. ಗಾಳಿಯ ಹೊಡೆತವನ್ನು ತಡೆದು, ಬಿಸಿಗಾಳಿಯನ್ನು ಮೇಲಕ್ಕೆಳೆದು, ಉರಿಯನ್ನು ನಿಶ್ಚಲವಾಗಿ ನಿಲ್ಲಿಸುವುದು ಅದರ ಕಾರ್ಯ. ಸೌಂದರ್ಯವು ಆ ಕಾರ್ಯದ ಬೆನ್ನ ಹಿಂದೆ ಬಂದುದು.

ಈಗ ಅದೇ ಬುರುಡೆಯೊಳಗೆ ಎಲ್‌ಇಡಿ ದೀಪವನ್ನಿಟ್ಟು ಮಾರುವುದುಂಟು. ಆರಿಹೋಗುವ ಉರಿಯಿಲ್ಲ, ತಡೆಯಬೇಕಾದ ಗಾಳಿಯೂ ಇಲ್ಲ; ಆಕಾರ ಉಳಿಯಿತು, ಪ್ರಯೋಜನ ತೊಲಗಿತು. ಕೊರಳಿಗೆ ಮೇಖಲೆಯನ್ನೂ ಸೊಂಟಕ್ಕೆ ಹಾರವನ್ನೂ ತೊಟ್ಟವರು ನಗೆಗೀಡಾಗುವರೆಂದು ಔಚಿತ್ಯವಿಚಾರಚರ್ಚೆಯಲ್ಲಿ ಕ್ಷೇಮೇಂದ್ರನು ಹೇಳಿದುದು ಇಲ್ಲಿಗೂ ಸಲ್ಲುತ್ತದೆ.

ಹಳೆಯ ಆಕಾರವು ಹಳೆಯ ಮನೆಯನ್ನು ನೆನಪಿಗೆ ತರುವುದರಿಂದ ಅದೂ ಹೃದ್ಯವೇ ಅಲ್ಲವೆ ಎಂದು ಪೂರ್ವಪಕ್ಷವು ಹುಟ್ಟಬಹುದು. ಹೃದ್ಯವೆಂಬುದು ನಿಜ. ಆದರೆ ಸ್ಮೃತಿಯು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದು; ಸ್ಥಾಯಿಯನ್ನು ಪೋಷಿಸಬಲ್ಲುದೇ ಹೊರತು ತಾನೇ ಸ್ಥಾಯಿಯ ಪೀಠದಲ್ಲಿ ಕುಳಿತುಕೊಳ್ಳಲಾರದು. ನೆನಪನ್ನು ಮಾತ್ರ ಮಾರುವ ದೀಪವು ಕೊಂಡ ನಾಲ್ಕು ದಿನ ಮನಸ್ಸನ್ನು ಸೆಳೆದು, ಬಳಿಕ ಮೂಲೆಯ ಸಾಮಾನಾಗುವುದು.

ಹಾಗಾದರೆ ಗಾಜಿಗೆ ಹೊಸ ದೀಪದಲ್ಲಿ ಕೆಲಸವೇ ಇಲ್ಲವೆ? ಧಾರಾಳವಾಗಿ ಇದೆ. ಎಲ್‌ಇಡಿಯ ಬೆಳಕು ಅತ್ಯಲ್ಪವಾದ ಬಿಂದುವಿನಿಂದ ಹೊಮ್ಮಿ ಕಣ್ಣನ್ನು ಚುಚ್ಚುವುದು. ಹಾಲಿನ ಬಣ್ಣದ ಗಾಜು ಅದನ್ನು ಹರಡಿ ಮೃದುಗೊಳಿಸುವುದು. ವರ್ಣದ ಗಾಜಿನಲ್ಲಿ ಇನ್ನೂ ಸೂಕ್ಷ್ಮವುಂಟು. ಬಿಳಿಯ ಎಲ್‌ಇಡಿಯು ಸಾಮಾನ್ಯವಾಗಿ ನೀಲಿಯ ಬೆಳಕಿಗೆ ಹಳದಿಯ ಲೇಪವನ್ನು ಕೂಡಿಸಿ ಆದುದು. ಅದರಲ್ಲಿ ಕೆಂಪಿನ ಅಂಶವು ಕಡಮೆಯಾದರೆ ಕೆಂಪು ಗಾಜು ಎಷ್ಟು ಶ್ರೇಷ್ಠವಾದರೂ ಮಂಕಾಗುವುದು. ಗಾಜು ತನಗೆ ಬಂದ ಬೆಳಕಿನಲ್ಲಿ ಆಯಬಲ್ಲುದು, ಇಲ್ಲದುದನ್ನು ಸೃಷ್ಟಿಸಲಾರದು. ಆದುದರಿಂದ ಗಾಜಿನ ಕುಶಲಿಯು ಬೆಳಕನ್ನೂ ವಿದ್ಯುತ್ತಂತ್ರಜ್ಞನು ಗಾಜನ್ನೂ ಅರಿಯಬೇಕು. ಶಬ್ದಾರ್ಥಗಳು ಒಂದಕ್ಕೊಂದು ಕಡಮೆಯೂ ಹೆಚ್ಚೂ ಆಗದೆ ಸ್ಪರ್ಧಿಸುವುದನ್ನು ಕುಂತಕನು ಸಾಹಿತ್ಯವೆಂದನು. ಗಾಜು ಬೆಳಕುಗಳ ಸಾಹಿತ್ಯವೂ ಅಂತಹುದೇ.

ಇದಕ್ಕೆ ಉದಾಹರಣೆ ಮೈಸೂರಿನಲ್ಲಿದೆ. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ತುತ್ತಾದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಯ ಕಲ್ಯಾಣಮಂಟಪದ ಚಾವಣಿಯಲ್ಲಿ ವರ್ಣದ ಗಾಜಿನ ನವಿಲುಗಳಿವೆ. ಹಗಲಿನ ಬೆಳಕು ಮೇಲಿನಿಂದ ಗಾಜನ್ನು ಹಾಯ್ದು ನೋಡುವವನೆಡೆಗೆ ಇಳಿಯುವುದರಿಂದ ಅವು ಜೀವ ತಳೆಯುವುವು. ಅರಮನೆಯ ಹೊರಮೈಯಲ್ಲಿ ಬೆಳಗುವ ಸುಮಾರು ಒಂದು ಲಕ್ಷ ಬಲ್ಬುಗಳಿಗಾದರೋ ವರ್ಣದ ಗಾಜಿನ ಹಂಗಿಲ್ಲ. ಕಟ್ಟಡದ ರೇಖೆಗಳನ್ನು ಕತ್ತಲಿನಲ್ಲಿ ಬರೆಯುವುದಷ್ಟೇ ಅವುಗಳ ಕೆಲಸ. ಒಂದೆಡೆ ವರ್ಣ, ಇನ್ನೊಂದೆಡೆ ರೇಖೆ. ಎರಡೂ ತಮ್ಮ ಸ್ಥಾನದಲ್ಲಿ ಉಚಿತ.

ಪರೀಕ್ಷೆಗೆ ಅನ್ವಯವ್ಯತಿರೇಕವೇ ಸಾಕು. ಗಾಜಿರುವಾಗ ಬೆಳಕಿನಲ್ಲಿ ಒಂದು ಗುಣವು ಕಂಡು, ಅದನ್ನು ತೆಗೆದಾಗ ಆ ಗುಣವು ಇಲ್ಲವಾದರೆ ಅದು ಅಲಂಕಾರ. ಏನೂ ಕುಂದದಿದ್ದರೆ ಅದು ಹೊರೆ. ಹಳೆಯ ವೃತ್ತದಲ್ಲಿ ಹೊಸ ವಿಷಯವನ್ನು ತುಂಬುವ ಕವಿಯ ಕೃತಿಗೂ ಇದೇ ಪರೀಕ್ಷೆಯನ್ನು ಒಡ್ಡಿದರೆ, ಎಷ್ಟೋ ಕಡೆ ಉರಿಯಿಲ್ಲದ ಬುರುಡೆಯೇ ಕೈಗೆ ಸಿಕ್ಕೀತು.