ಪಾನಗೋಷ್ಠಿಯ ವಿಮರ್ಶಾಭಾಷೆ

ಇಂಗ್ಲಿಷ್ ಸಾಹಿತ್ಯವನ್ನು ಕ್ರಮವಾಗಿ ಓದಿದವರಿಗೆ ಜಾರ್ಜ್ ಸೇಂಟ್ಸ್‌ಬರಿಯ ಹೆಸರು ಅಪರಿಚಿತವಲ್ಲ. 1895ರಿಂದ 1915ರವರೆಗೆ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಅಲಂಕಾರಶಾಸ್ತ್ರಕ್ಕೂ ಇಂಗ್ಲಿಷ್ ಸಾಹಿತ್ಯಕ್ಕೂ ಪ್ರಾಧ್ಯಾಪಕನಾಗಿದ್ದ ಈ ವಿದ್ವಾಂಸನು ಯೂರೋಪಿನ ವಿಮರ್ಶೆಯ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದನು. ಆ ಗ್ರಂಥದ ಪೂರ್ಣ ಹೆಸರಿನಲ್ಲಿ ‘ವಿಮರ್ಶೆ’ಯ ಪಕ್ಕದಲ್ಲಿಯೇ ‘ಸಾಹಿತ್ಯದ ರುಚಿ’ ಎಂಬ ಮಾತೂ ಉಂಟು. ಅದೇ ಲೇಖನಿಯಿಂದ 1920ರಲ್ಲಿ ‘ನೋಟ್ಸ್ ಆನ್ ಎ ಸೆಲ್ಲರ್-ಬುಕ್’ ಎಂಬ ಚಿಕ್ಕ ಪುಸ್ತಕವೊಂದು ಹೊರಬಿದ್ದಿತು. ತಾನು ಬಹುಕಾಲ ನೆಲಮಾಳಿಗೆಯಲ್ಲಿ ಕೂಡಿಟ್ಟು ಸವಿದ ಮದ್ಯಗಳನ್ನು, ಲೆಕ್ಕದ ಪುಸ್ತಕವನ್ನು ಮುಂದಿರಿಸಿಕೊಂಡು, ಹಳೆಯ ಕವಿಗಳನ್ನು ನೆನೆಯುವ ರೀತಿಯಲ್ಲಿ ಆತನು ಅಲ್ಲಿ ನೆನೆದಿದ್ದಾನೆ. ವಿಮರ್ಶೆಯ ಚರಿತ್ರೆಯನ್ನು ಈಗ ನಮ್ಮ ವಿಭಾಗಗಳಲ್ಲಿ ತೆರೆಯುವವರು ವಿರಳ. ನೆಲಮಾಳಿಗೆಯ ಪುಸ್ತಕವನ್ನಾದರೋ ವಿಸ್ಕಿಯ ಅಭಿಮಾನಿಗಳು ಇಂದಿಗೂ ಹುಡುಕಿ ಓದುತ್ತಾರೆ.

ಮದ್ಯಪ್ರಶಂಸೆ ಪ್ರಕೃತ ಲೇಖನದ ಉದ್ದೇಶವಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನೋಡದ ಅಧ್ಯಾಪಕನು ನಮ್ಮಲ್ಲಿ ಯಾರೂ ಇರಲಾರನು. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ವಿಸ್ಕಿಯ ರಸಿಕರು ತಮ್ಮ ಕೂಟಗಳಲ್ಲಿ ಬೆಳೆಸಿಕೊಂಡಿರುವ ಒಂದು ಬಗೆಯ ಬರವಣಿಗೆ. ಒಂದು ಅನುಭವವನ್ನು ಹಲವರು ಕೂಡಿ ಸವಿಯುವಾಗ ಅವರ ನಡುವೆ ಹುಟ್ಟುವ ಮಾತು ಆ ಅನುಭವವನ್ನು ಬೆಳಗಿಸುವುದೋ ಮುಚ್ಚುವುದೋ? ಗೋಷ್ಠಿಗೆ ಹೊಸದಾಗಿ ಸೇರಿದವನು ಕಲಿಯುವುದು ರುಚಿಯನ್ನೋ, ರುಚಿಯ ಪರಿಭಾಷೆಯನ್ನೋ?

ಈ ಪ್ರಶ್ನೆ ನಮಗೆ ಹೊರಗಿನದೆಂದು ಹೇಳುವಂತಿಲ್ಲ. ‘ರಸ’ವೆಂಬ ಶಬ್ದವೇ ನಾಲಗೆಯಿಂದ ಕಾವ್ಯಕ್ಕೆ ಬಂದುದು, ಭರತನು ಅದನ್ನು ವಿವರಿಸಹೊರಟಾಗ ಊಟದ ವ್ಯಂಜನಗಳ ಉಪಮಾನವನ್ನೇ ಆಶ್ರಯಿಸಿದನು. ಕಾವ್ಯವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿ ಮನಸ್ಸಿನ ಕನ್ನಡಿಯನ್ನು ತಿಳಿಗೊಳಿಸಿಕೊಂಡವನು ಸಹೃದಯನೆಂಬ ಅಭಿನವಗುಪ್ತನ ಅಭಿಪ್ರಾಯವನ್ನು ನಾವು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇವೆ. ಇನ್ನು ‘ಪಾನಗೋಷ್ಠಿ’ ನಮ್ಮ ಆದಿಕವಿಗೆ ತಿಳಿದಿದ್ದ ವಸ್ತು. ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಂಪನು ಅದನ್ನು ವರ್ಣಿಸುವಾಗ ಮಧುದೇವತೆಯ ಅರ್ಚನೆಯನ್ನೂ ಹಿರಿಯ ಕಿರಿಯರೆಂಬ ತಾರತಮ್ಯವರಿತ ವಂದನೆಯನ್ನೂ ಹೇಳಲು ಮರೆತಿಲ್ಲ. ಕೂಟವಿದ್ದಲ್ಲಿ ಆಚಾರವುಂಟು, ಆಚಾರವಿದ್ದಲ್ಲಿ ಮಂತ್ರವುಂಟು. ಇಂದಿನ ವಿಸ್ಕಿಗೋಷ್ಠಿಯ ಮಂತ್ರವೆಂದರೆ ರುಚಿಟಿಪ್ಪಣಿ: ಬಣ್ಣ, ಮೂಗಿಗೆ ಬಂದ ವಾಸನೆ, ನಾಲಗೆಯ ಮೇಲಣ ರುಚಿ, ನುಂಗಿದ ಮೇಲೆ ಉಳಿಯುವ ಸವಿ ಎಂಬ ಕ್ರಮದಲ್ಲಿ ನಾಲ್ಕಾರು ಸಾಲು ಬರೆಯುವ ಪದ್ಧತಿ.

ಸೇಂಟ್ಸ್‌ಬರಿಯಲ್ಲಿ ಈ ಪದ್ಧತಿ ಇನ್ನೂ ಕಾಣುವುದಿಲ್ಲ. ಆತನು ಕ್ಲೈನ್‌ಲಿಶ್, ಗ್ಲೆನ್‌ಲಿವೆಟ್, ಟ್ಯಾಲಿಸ್ಕರ್ ಮೊದಲಾದ ಭಟ್ಟಿಗಳನ್ನು ಹೆಸರಿಸಿ, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು, ತನ್ನ ಒಲವನ್ನು ಹೇಳಿ ಮುಂದೆ ಹೋಗುತ್ತಾನೆ. ತುಲನೆಯೇ ಆತನ ಸಾಹಿತ್ಯವಿಮರ್ಶೆಯ ಜೀವಾಳವಾಗಿತ್ತು, ಇಲ್ಲಿಯೂ ಅದೇ. ಹಣ್ಣು, ಹೂವು, ಚರ್ಮ, ಹೊಗೆ ಎಂದು ಉಪಮಾನಗಳ ಸಂತೆಯನ್ನು ಆತನು ಕೂಡಿಸುವುದಿಲ್ಲ. ಆದರೆ ಇದರಲ್ಲಿ ಒಂದು ಕೊರತೆಯೂ ಉಂಟು. ಆತನು ಬರೆಯುವುದು ಈಗಾಗಲೇ ಒಳಗಿರುವವರಿಗೆ. ಕ್ಲೈನ್‌ಲಿಶ್ ಸವಿದವನಿಗೆ ಮಾತ್ರ ಕ್ಲೈನ್‌ಲಿಶ್ಶಿನ ಮಾತು ಅರ್ಥವಾಗುವುದು. ಬಾಗಿಲ ಹೊರಗೆ ನಿಂತವನಿಗೆ ಆ ಪುಸ್ತಕ ಕದ ತೆರೆಯುವುದಿಲ್ಲ.

ಹೊರಗಿನವನನ್ನು ಕರೆಯುವ ಪ್ರಯತ್ನ ಮುಂದಿನ ಪೀಳಿಗೆಯದು. 1930ರಲ್ಲಿ ಈನಿಯಸ್ ಮ್ಯಾಕ್‌ಡೊನಾಲ್ಡ್ ಎಂಬ ಕಾವ್ಯನಾಮದಿಂದ ಜಾರ್ಜ್ ಮ್ಯಾಲ್ಕಮ್ ಥಾಮ್ಸನ್ ಎಂಬ ಪತ್ರಿಕಾಲೇಖಕನು ‘ವಿಸ್ಕಿ’ ಎಂಬ ಪುಸ್ತಕವನ್ನು ಪ್ರಕಟಿಸಿ, ಅಮಲಿಗಾಗಿ ಮಾತ್ರ ಕುಡಿಯುವವರೇ ವಿಸ್ಕಿಯ ದೊಡ್ಡ ವೈರಿಗಳೆಂದು ವಾದಿಸಿದನು. ಅದು ಚುರುಕಾದ ಗದ್ಯ. 1935ರಲ್ಲಿ ಬಂದ ನೀಲ್ ಗನ್ನನ ‘ವಿಸ್ಕಿ ಅಂಡ್ ಸ್ಕಾಟ್ಲೆಂಡ್’ ಇನ್ನೂ ಗಂಭೀರವಾದುದು. ಗನ್ ಸ್ಕಾಟ್ಲೆಂಡಿನ ಶ್ರೇಷ್ಠ ಕಾದಂಬರಿಕಾರರಲ್ಲಿ ಒಬ್ಬನು; 1937ರವರೆಗೆ ಸುಂಕದ ಅಧಿಕಾರಿಯಾಗಿ ಇನ್ವರ್‌ನೆಸ್ಸಿನ ಗ್ಲೆನ್ ಮೋರ್ ಭಟ್ಟಿಯಲ್ಲಿ ಕೆಲಸ ಮಾಡಿದವನು. ವಿಸ್ಕಿಯ ಗೇಲಿಕ್ ಹೆಸರಿಗೆ ‘ಜೀವಜಲ’ವೆಂದು ಅರ್ಥ. ಮೊಳೆತ ಬಾರ್ಲಿಯಿಂದ ಒಂದೇ ಭಟ್ಟಿಯಲ್ಲಿ ಇಳಿಸಿದ ವಿಸ್ಕಿ ಹಿಂದೆ ಸರಿದು, ಅಗ್ಗದ ಧಾನ್ಯಮದ್ಯವನ್ನು ಬೆರೆಸಿದ ಮಿಶ್ರಣ ಲೋಕವನ್ನು ಗೆದ್ದುದನ್ನು ಗನ್ ತನ್ನ ಜನಾಂಗದ ಅವನತಿಯ ಗುರುತೆಂದೇ ಓದುತ್ತಾನೆ. ಓದು ಮನಮುಟ್ಟುವಂಥದು, ಆದರೆ ಜನಾಂಗದ ಅಳಲಿನಲ್ಲಿ ಬಟ್ಟಲು ಮರೆತುಹೋಗುತ್ತದೆ. ಅರ್ಧ ಪುಸ್ತಕ ಕಳೆದರೂ ನಾಲಗೆಗೆ ಏನು ತಾಕಿತೆಂಬುದು ತಿಳಿಯುವುದಿಲ್ಲ. ನಮ್ಮಲ್ಲಿಯೂ ನಾಡಿನ ಮಹಿಮೆಯನ್ನು ಹೇಳುತ್ತ ಪದ್ಯವನ್ನು ಮರೆತ ವಿಮರ್ಶೆಗಳಿಗೆ ಕೊರತೆಯಿಲ್ಲ.

ಗನ್ ಬಯಸಿದ ಮರಳಿಕೆ ನಡೆದುದು ಆತನು ತೀರಿಕೊಂಡ ಮೇಲೆ. 1970ರ ದಶಕದಲ್ಲಿ ಎಡಿನ್‌ಬರೋದ ಪಿಪ್ ಹಿಲ್ಸ್ ಎಂಬಾತನು ಗೆಳೆಯರೊಡನೆ ಹಣ ಕೂಡಿಸಿ, ಗ್ಲೆನ್‌ಫಾರ್ಕ್ಲಾಸ್ ಭಟ್ಟಿಯಿಂದ ಒಂದು ಪೀಪಾಯಿಯನ್ನು ಕೊಂಡುತಂದು ಹಂಚಿಕೊಂಡನು. ಗೆಳೆಯರ ಬಳಗ ಬೆಳೆದು 1983ರಲ್ಲಿ ಲೀತ್ ಬಂದರಿನ ಹಳೆಯ ಕಟ್ಟಡವೊಂದರಲ್ಲಿ ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿಯಾಯಿತು. ಇವರು ಒಂದು ಪೀಪಾಯಿಯನ್ನು ಇನ್ನೊಂದರೊಡನೆ ಬೆರೆಸದೆ, ನೀರು ಸೇರಿಸಿ ತೆಳುಮಾಡದೆ, ಪೀಪಾಯಿಯಲ್ಲಿದ್ದಂತೆಯೇ ಸೀಸೆಗೆ ತುಂಬಿದರು. ಭಟ್ಟಿಯ ಹೆಸರನ್ನು ಮರೆಮಾಡಿ ಸಂಖ್ಯೆಯನ್ನಷ್ಟೇ ಬರೆದರು. 1.1 ಎಂದರೆ ಮೊದಲನೆಯ ಭಟ್ಟಿಯ ಮೊದಲನೆಯ ಪೀಪಾಯಿ. ಹೆಸರು ಕೇಳಿ ತಲೆದೂಗುವ ಚಟವನ್ನು ಬಿಡಿಸಿ ನಾಲಗೆಯನ್ನೇ ಸಾಕ್ಷಿಯಾಗಿ ನಿಲ್ಲಿಸಲು ಇಂಥ ಮರೆ ಅನುಕೂಲವಾದುದು.

ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ಒಂದು ಹಳೆಯ ಪ್ರಯೋಗ ನೆನಪಾಗದಿರದು. ಕೇಂಬ್ರಿಜ್ಜಿನಲ್ಲಿ ಐ. ಎ. ರಿಚರ್ಡ್ಸ್ ಕವಿಗಳ ಹೆಸರನ್ನು ತೆಗೆದುಹಾಕಿ, ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅವರು ಬರೆದುಕೊಟ್ಟ ಅಭಿಪ್ರಾಯಗಳನ್ನು 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಮ್’ ಎಂಬ ಗ್ರಂಥದಲ್ಲಿ ಪರಿಶೀಲಿಸಿದನು. ಹೆಸರಿನ ಊರುಗೋಲು ತಪ್ಪಿದಾಗ ಓದುಗರು ಪದ್ಯದ ಕಡೆಗೆ ತಿರುಗಲಿಲ್ಲ. ಬಹುಮಂದಿ ತಮ್ಮಲ್ಲಿ ಮೊದಲೇ ಸಿದ್ಧವಾಗಿದ್ದ ಭಾವಗಳ ಕಡೆಗೆ ತಿರುಗಿದರು. ಲೀತಿನ ಗೋಷ್ಠಿಗೆ ಆದುದೂ ಇದಕ್ಕಿಂತ ಬಹಳ ಭಿನ್ನವಲ್ಲ. ಯಾವ ಸಂಖ್ಯೆ ಯಾವ ಭಟ್ಟಿಯದೆಂಬ ಗುಟ್ಟು ಸದಸ್ಯರಲ್ಲಿ ಬೇಗನೆ ಬಯಲಾಯಿತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು: ಹೆಸರು ಹೋದ ಜಾಗದಲ್ಲಿ ವರ್ಣನೆ ಬಂದು ಕುಳಿತಿತು. ಸೊಸೈಟಿಯ ರುಚಿಟಿಪ್ಪಣಿಗಳು ತಮ್ಮ ಕಲ್ಪನಾವಿಲಾಸಕ್ಕೆ ಹೆಸರಾದವು. ಸಂಖ್ಯೆಗೆ ಆಕರ್ಷಣೆಯಿಲ್ಲವಾದುದರಿಂದ ಮಾತೇ ಆಕರ್ಷಣೆಯಾಗಬೇಕಾಯಿತು. ಹಳೆಯ ಚೀಟಿಯನ್ನು ಕಿತ್ತ ಕೈಯೇ ಹೊಸ ಚೀಟಿಯನ್ನು ಅಂಟಿಸಿತು.

ಮಾತು ನಾಲಗೆಯನ್ನು ಹೇಗೆ ಆಳುತ್ತದೆಂಬುದಕ್ಕೆ ಪ್ರಯೋಗಸಿದ್ಧವಾದ ನಿದರ್ಶನವೂ ಇದೆ. 2001ರಲ್ಲಿ ಪ್ರಕಟವಾದ ಬೋರ್ಡೋ ನಗರದ ಸಂಶೋಧಕರ ಅಧ್ಯಯನದಲ್ಲಿ, ಬಿಳಿಯ ದ್ರಾಕ್ಷಾಮದ್ಯಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ 54 ಮಂದಿ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಮದ್ಯಶಾಸ್ತ್ರವನ್ನೇ ಕಲಿಯುತ್ತಿದ್ದವರು. ಆದರೂ ಆ ಬಿಳಿಯ ಮದ್ಯದ ವಾಸನೆಯನ್ನು ಕೆಂಪು ಮದ್ಯಕ್ಕೆ ಸಲ್ಲುವ ಮಾತುಗಳಿಂದಲೇ ಬಣ್ಣಿಸಿದರು. ಅವರನ್ನು ನಗುವುದು ಸುಲಭ. ಪದ್ಯದ ಕೆಳಗೆ ಕುವೆಂಪು ಎಂದು ಬರೆದಿದ್ದರೆ ‘ದರ್ಶನ’ವನ್ನೂ, ಬೇಂದ್ರೆ ಎಂದಿದ್ದರೆ ‘ನಾದಲೀಲೆ’ಯನ್ನೂ ತಪ್ಪದೆ ಕಂಡುಕೊಳ್ಳುವ ಉತ್ತರಪತ್ರಿಕೆಗಳನ್ನು ತಿದ್ದಿದವರು ಮಾತ್ರ ಸ್ವಲ್ಪ ಸಂಕೋಚದಿಂದ ನಗಬೇಕು.

ಭಟ್ಟಿಯ ರಸಾಯನಜ್ಞರು ಇದಕ್ಕೆ ತಮ್ಮದೇ ಪರಿಹಾರ ಹುಡುಕಿದರು. 1979ರಲ್ಲಿ ಪೆಂಟ್‌ಲಂಡ್ಸ್ ಸಂಶೋಧನಾಲಯದಲ್ಲಿ ‘ರುಚಿಚಕ್ರ’ವೊಂದು ಸಿದ್ಧವಾಯಿತು; ವಾಸನೆಗಳನ್ನು ಗುಂಪುಗೂಡಿಸಿ, ಒಂದು ಪದಕ್ಕೆ ಒಂದೇ ಅರ್ಥವಿರುವಂತೆ ಮಾಡುವುದು ಅದರ ಗುರಿ. ಇದು ಪ್ರಾಮಾಣಿಕವಾದ ನಿಘಂಟು, ವಿಮರ್ಶೆಯಲ್ಲ. ಇನ್ನು ಮೈಕೇಲ್ ಜಾಕ್ಸನ್ (ಹಾಡುಗಾರನಲ್ಲ, ಅದೇ ಹೆಸರಿನ ಇಂಗ್ಲಿಷ್ ಲೇಖಕ) 1989ರ ತನ್ನ ಕೈಪಿಡಿಯಲ್ಲಿ ಬಳಸಿದ, ನೂರಕ್ಕೆ ಇಷ್ಟೆಂದು ಅಂಕ ಕೊಡುವ ರೂಢಿಯ ವಿಷಯದಲ್ಲಿ ಪರೀಕ್ಷಕವರ್ಗಕ್ಕೆ ನಾನು ಹೇಳಬೇಕಾದುದೇನೂ ಇಲ್ಲ.

ಈ ಅಂಕಗಳ ಲೋಕಕ್ಕೆ ನಮ್ಮ ನಾಡೂ ಸೇರಿದೆ. ಬೆಂಗಳೂರಿನ ಅಮೃತ್ ಭಟ್ಟಿಯವರು ತಮ್ಮ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದುದು ಗ್ಲಾಸ್ಗೋ ನಗರದಲ್ಲಿ; 2010ರ ಜಿಮ್ ಮರ್ರಿಯ ಕೈಪಿಡಿಯಲ್ಲಿ ಅವರ ‘ಫ್ಯೂಷನ್’ ಲೋಕದ ವಿಸ್ಕಿಗಳಲ್ಲಿ ಮೂರನೆಯ ಸ್ಥಾನ ಪಡೆಯಿತು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಸುಮಾರು 2 ಭಾಗ ಆವಿಯಾಗಿ ಹೋದರೆ, ಬೆಂಗಳೂರಿನ ಹವೆಯಲ್ಲಿ 10ಕ್ಕೂ ಮೇಲೆ ಹೋಗುತ್ತದೆ. ಆದುದರಿಂದ ಇಲ್ಲಿಯ ವಿಸ್ಕಿ ಬೇಗ ಪಕ್ವವಾಗುತ್ತದೆ. ಎಷ್ಟು ವರ್ಷದ್ದು ಎಂಬ ಸ್ಕಾಟ್ ಗೌರವಮಾನ ಇದಕ್ಕೆ ಒಪ್ಪುವುದಿಲ್ಲ. ಕಾಲದ ಅಳತೆಗೋಲೇ ಬದಲಾದ ವಸ್ತುವಿಗೆ ಮಾತಿನ ಅಳತೆಗೋಲು ಮಾತ್ರ ಹಳೆಯದೇ ಉಳಿದಿದೆ. ಸ್ಕಾಟ್ ಟಿಪ್ಪಣಿಗಾರನು ‘ಹೆದರ್’ ಹೂವೆಂದೂ ‘ಪೀಟ್’ ಹೊಗೆಯೆಂದೂ ಬರೆದಾಗ ಆತನ ಬಾಲ್ಯವೇ ಆ ಶಬ್ದಗಳ ಹಿಂದೆ ನಿಂತಿರುತ್ತದೆ: ಆ ಪೊದೆ ಆತನ ಗುಡ್ಡದ್ದು, ಜೌಗುನೆಲದಿಂದ ಅಗೆದು ಒಣಗಿಸಿದ ಆ ಮಣ್ಣು ಆತನ ಅಜ್ಜಿಯ ಒಲೆಯದು. ನಮ್ಮವರು ಆ ಶಬ್ದಗಳನ್ನು ಬರೆಯುವುದು, ಡ್ಯಾಫೊಡಿಲ್ ಹೂವನ್ನು ಕಾಣದೆಯೇ ಅದರ ಮೇಲೆ ನಾವು ಪ್ರಬಂಧ ಬರೆದಂತೆ.

ಇದು ಊಹೆಯ ಮಾತಲ್ಲ. ಕೆಲವು ವರ್ಷಗಳ ಹಿಂದೆ, ಭಾಷೆಯ ಕುತೂಹಲದಿಂದ, ಸ್ನೇಹಿತರೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು, ಬೆಂಗಳೂರಿನ ಅಂಥ ಒಂದು ಚಿಕ್ಕ ಕೂಟಕ್ಕೆ ನಾನೂ ಸೇರಿದೆನು. ಹನ್ನೊಂದು ಮಂದಿ, ತುಲಿಪ್ ಹೂವಿನ ಆಕಾರದ ಬಟ್ಟಲುಗಳು, ಗುಟುಕಿಗಿಂತ ಮಾತೇ ಹೆಚ್ಚು. ಹೊಸಬನೆಂದು ಮೊದಲು ನನ್ನನ್ನೇ ಕೇಳಿದರು. ಮೂಸಿದೆನು. ನನಗೆ ತೋರಿದುದು ಆಲೆಮನೆ: ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವ ಹೊತ್ತಿನ ಕೊಪ್ಪರಿಗೆ, ಅದರೊಡನೆ ಉರಿಯುವ ಕಬ್ಬಿನ ಸಿಪ್ಪೆಯ ಹೊಗೆ. ಹಾಗೆಂದೇ ಹೇಳಿದೆನು. ಟಿಪ್ಪಣಿ ಬರೆದುಕೊಳ್ಳುತ್ತಿದ್ದವರು ಸಜ್ಜನರು. ನಸುನಕ್ಕು ತಲೆಯಾಡಿಸಿ ‘ಟಾಫಿ, ತೆಳುವಾದ ಪೀಟ್’ ಎಂದು ಬರೆದುಕೊಂಡರು. ನಾನು ಹೇಳಿದುದು ತಪ್ಪೆಂದು ಅವರು ಎಣಿಸಲಿಲ್ಲ, ಸರಿಯಾದ ಭಾಷೆಗೆ ಅನುವಾದಿಸಿಕೊಂಡರು, ಅಷ್ಟೆ. ಎರಡು ತಿಂಗಳಾಗುವಷ್ಟರಲ್ಲಿ ನಾನೇ ‘ಟಾಫಿ’ ಎನ್ನತೊಡಗಿದ್ದೆನು. ಎಲ್ಲರೂ ತಲೆದೂಗುತ್ತಿದ್ದರು. ಆದರೆ ಬಟ್ಟಲಿನಿಂದ ಆಲೆಮನೆ ಹೊರಟುಹೋಗಿತ್ತು, ಮೂಸಿದರೂ ಬರುತ್ತಿರಲಿಲ್ಲ.

ಗೋಷ್ಠಿಯಿಂದ ನಾನು ಪಡೆದುದು ಏನೂ ಇಲ್ಲವೆಂದರೆ ಅನ್ಯಾಯವಾದೀತು. ಒಂದು ಹನಿ ನೀರು ಬಿದ್ದಾಗ ವಾಸನೆ ಅರಳುವುದನ್ನು, ಮೊದಲ ಘಾಟು ಹಿಂದೆ ಸರಿಯುವವರೆಗೆ ತಾಳ್ಮೆಯಿಂದ ಕಾಯುವುದನ್ನು ನನಗೆ ಕಲಿಸಿದವರು ಅವರೇ. ಅಭ್ಯಾಸವಿಲ್ಲದೆ ಸಹೃದಯನಿಲ್ಲ, ಜೊತೆಯವರಿಲ್ಲದೆ ಅಭ್ಯಾಸವೂ ಕಷ್ಟ. ಹಾಗೆಯೇ ದೇಶೀ ಪದವಾದ ಮಾತ್ರಕ್ಕೆ ಅದು ಜೀವಂತವೆಂದೂ ನಾನು ಹೇಳಲಾರೆನು. ಒಗರು, ಕಮಟು, ಘಾಟು, ಮುಗ್ಗಲು ಎಂದು ಕನ್ನಡದ ಸೊಗಸಾದ ಶಬ್ದಗಳನ್ನೇ ಒಂದು ಚಕ್ರದಲ್ಲಿ ಜೋಡಿಸಿಕೊಟ್ಟರೆ, ಮುಂದಿನ ವರ್ಷ ಅವನ್ನೂ ಬಾಯಿಪಾಠ ಹೇಳುವವರು ಹುಟ್ಟಿಕೊಳ್ಳುತ್ತಾರೆ. ‘ಆಲೆಮನೆ’ಯೂ ಹಾಗೆಯೇ ಸವೆದೀತು. ಪದ ಯಾವ ಭಾಷೆಯದೆಂಬುದಕ್ಕಿಂತ, ಕೇಳಿದವನನ್ನು ಅದು ಬಟ್ಟಲಿಗೆ ಮರಳಿ ಕಳುಹಿಸುತ್ತದೆಯೇ ಇಲ್ಲವೇ ಎಂಬುದನ್ನು ನೋಡಬೇಕು. ‘ಟಾಫಿ’ ಎಂದಾಗ ಯಾರೂ ಬಟ್ಟಲನ್ನು ಮತ್ತೆ ಎತ್ತುತ್ತಿರಲಿಲ್ಲ.

ಬಹಳ ದಿನಗಳ ಮೇಲೆ, ನನ್ನ ಕೋರಿಕೆಯಂತೆ, ಆ ಹಳೆಯ ಟಿಪ್ಪಣಿಯ ಅಂಚಿನಲ್ಲಿ ‘ಆಲೆಮನೆ’ ಎಂದು ಕನ್ನಡದಲ್ಲಿ ಬರೆದುಕೊಂಡರು. ಮುಂದಿನ ಕೂಟಕ್ಕೆ ಮಂಡ್ಯದ ಕಡೆಯವರೊಬ್ಬರು ಹೊಸದಾಗಿ ಬಂದಿದ್ದರು. ಪುಸ್ತಕವನ್ನು ತಿರುವಿಹಾಕುತ್ತ ಆ ಪುಟದಲ್ಲಿ ನಿಂತು, ಕೊಪ್ಪರಿಗೆಯ ಮೇಲಿನ ನೊರೆಯ ವಾಸನೆಯೋ, ತಳ ಹತ್ತಿದ ಪಾಕದ್ದೋ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅದೇ ಸೀಸೆಯನ್ನು ತರಿಸಿ ಇಬ್ಬರೂ ಮತ್ತೆ ಮೂಸಿ ನೋಡಿದೆವು. ನಾನು ನೊರೆಯೆಂದೆನು, ಅವರು ಒಪ್ಪಲಿಲ್ಲ.