ಮಗಳಾಗಿರುವ ತಾಯಿ: ನಾಡಗೀತೆಯ ಪಠ್ಯ, ಧಾಟಿ ಮತ್ತು ಅವಧಿಯ ಕುರಿತು ಒಂದು ದೇವಶಾಸ್ತ್ರೀಯ ವಿಮರ್ಶೆ

ಕವಿಯು ಬರೆದಿಟ್ಟ ಹಾಡು ಒಂದು. ಜನರು ಹಾಡುವ ಹಾಡು ಮತ್ತೊಂದು. ಇವೆರಡರ ನಡುವೆ ರಾಗಸಂಯೋಜಕನ ಕಿವಿ, ಗಾಯಕನ ಉಸಿರು, ಮುದ್ರಣದ ಯಂತ್ರ, ಕೆಲವೊಮ್ಮೆ ಸರ್ಕಾರದ ಆದೇಶವೂ ಕೆಲಸ ಮಾಡಿರುತ್ತವೆ. ಈ ನಡುವಿನ ಕೆಲಸವನ್ನು ಸಾಹಿತ್ಯವಿಮರ್ಶೆಯು ಸಾಮಾನ್ಯವಾಗಿ ಹೊರಗಿನ ಸಂಗತಿಯೆಂದು ಬಿಟ್ಟುಬಿಡುತ್ತದೆ. ಆದರೆ ಹಾಡಿನ ಮೂಲಕವೇ ತನ್ನ ವಿಶ್ವಾಸವನ್ನು ಅರಿಕೆಮಾಡುತ್ತ ಬಂದ ಕ್ರೈಸ್ತಸಭೆಗೆ ಹಾಗೆ ಬಿಡುವ ಅನುಕೂಲವಿಲ್ಲ. ಯಾವ ಚರಣ ಉಳಿಯಿತು, ಯಾವುದು ಬಿದ್ದುಹೋಯಿತು, ಯಾರನ್ನು ಸಂಬೋಧಿಸಿ ಹಾಡುತ್ತಿದ್ದೇವೆ ಎಂಬವು ನಮಗೆ ದೇವಶಾಸ್ತ್ರದ ಪ್ರಶ್ನೆಗಳೇ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ ಕವಿತೆಯು ನಾಡಗೀತೆಯಾದ ಬಗೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕವಿತೆ ಹುಟ್ಟಿದಾಗ ಅದು ಹೊಗಳುವ ನಾಡು ರಾಜಕೀಯವಾಗಿ ಇರಲೇ ಇಲ್ಲ ಎಂಬುದನ್ನು ಮೊದಲು ನೆನೆಯಬೇಕು. ಕುವೆಂಪು ಮೈಸೂರು ಸಂಸ್ಥಾನದ ಪ್ರಜೆ. ಅದೇ ಕವಿತೆ ನಾಲ್ಕು ನದಿಗಳ ಹೆಸರು ಹೇಳುವಾಗ ಶರಾವತಿಯನ್ನೂ ಎಣಿಸುತ್ತದೆ. ಆ ನದಿ ಕಡಲು ಸೇರುವ ಹೊನ್ನಾವರ, ಅದರ ಅಳಿವೆಯ ಮಾವಿನಕುರ್ವೆ ಮೊದಲಾದ ಕುರ್ವೆಗಳು ಆಗ ಮೈಸೂರಿಗೆ ಸೇರಿರಲಿಲ್ಲ. 1862ರಿಂದ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಒಳಪಟ್ಟಿತ್ತು. ಒಂದೇ ನದಿಯ ಮೇಲುಭಾಗ ಒಂದು ಆಳ್ವಿಕೆಯಲ್ಲಿ, ಕೆಳಭಾಗ ಇನ್ನೊಂದರಲ್ಲಿ. 1956ರ ನವೆಂಬರ್ 1ರಂದು ಅವು ಒಂದಾದವು. ‘ಕರ್ನಾಟಕ’ ಎಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರಲ್ಲಿ. ಆದ್ದರಿಂದ ಈ ಕವಿತೆ ಮೊದಲಿಗೆ ಇದ್ದುದರ ಸ್ತುತಿಯಾಗಿರದೆ ಬರಬೇಕಾದುದರ ನಿರೀಕ್ಷೆಯಾಗಿತ್ತು. ಪ್ರವಾದನಾ ಸಾಹಿತ್ಯವನ್ನು ಓದಿದವರಿಗೆ ಈ ಧ್ವನಿ ಅಪರಿಚಿತವಲ್ಲ. ನಿರೀಕ್ಷೆಯ ಹಾಡು ಆಡಳಿತದ ಹಾಡಾದಾಗ ಅದರ ಅರ್ಥ ಬದಲಾಗದೆ ಇರುವುದಿಲ್ಲ.

ಕುವೆಂಪು ಅವರ ಮುಂದೆ ಇದ್ದ ಮಾದರಿ ರವೀಂದ್ರನಾಥ ಠಾಕೂರರ ‘ಜನಗಣಮನ’. ಅದರ ಇತಿಹಾಸವೂ ಅನಿರೀಕ್ಷಿತವೇ. 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಅದನ್ನು ಮೊದಲು ಹಾಡಲಾಯಿತು. ಮರುತಿಂಗಳು ‘ತತ್ವಬೋಧಿನಿ ಪತ್ರಿಕಾ’ದಲ್ಲಿ ಅದು ಅಚ್ಚಾದದ್ದು ಬ್ರಹ್ಮಸಂಗೀತವೆಂದು, ಅಂದರೆ ಬ್ರಹ್ಮಸಮಾಜದ ಆರಾಧನೆಯ ಕೀರ್ತನೆಯೆಂದು. 1919ರಲ್ಲಿ ಕೋಲಾರದ ಗಡಿಗೆ ಸಮೀಪದ ಮದನಪಲ್ಲಿಯಲ್ಲಿ ಠಾಕೂರರು ಹಾಡಿದಾಗ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಅದರ ಧಾಟಿಯನ್ನು ಸ್ವರಲಿಪಿಗೆ ಇಳಿಸಿದರು. 1950ರ ಜನವರಿ 24ರಂದು ಐದು ಚರಣಗಳಲ್ಲಿ ಮೊದಲನೆಯದು ಮಾತ್ರ ರಾಷ್ಟ್ರಗೀತೆಯಾಯಿತು. ಪೂರ್ಣಗಾಯನದ ಅವಧಿ ಸುಮಾರು 52 ಸೆಕೆಂಡು. ಮೊದಲ ಚರಣದಲ್ಲಿ ಇರುವುದು ಪ್ರಾಂತಗಳ, ಪರ್ವತಗಳ, ನದಿಗಳ ಹೆಸರು. ಹಿಂದೂ, ಬೌದ್ಧ, ಸಿಖ್, ಜೈನ, ಪಾರಸಿಕ, ಮುಸಲ್ಮಾನ, ಕ್ರೈಸ್ತರನ್ನು ಒಂದೇ ಸಾಲಿನಲ್ಲಿ ಕರೆಯುವುದು ಎರಡನೆಯ ಚರಣ. ಯಾರ ದ್ವೇಷವೂ ಇಲ್ಲದೆ, ಕೇವಲ ಸಂಕ್ಷೇಪದ ಅಗತ್ಯದಿಂದ, ಭೂಗೋಳ ಉಳಿಯಿತು, ಸಮುದಾಯಗಳು ಹಾಡಿನ ಹೊರಗೆ ನಿಂತವು.

ಕನ್ನಡದಲ್ಲಿ ನಡೆದದ್ದು ಇದಕ್ಕೆ ವ್ಯತಿರಿಕ್ತ. ಕುವೆಂಪು ಅವರ ಕವಿತೆ ಮೊದಲು ಜನರನ್ನು ಮುಟ್ಟಿದ್ದು ಸುಗಮ ಸಂಗೀತದ ಮೂಲಕ. ಈ ಪ್ರಕಾರದಲ್ಲಿ ಗಾಯಕನಿಗೆ ಸ್ವಾತಂತ್ರ್ಯ ಹೆಚ್ಚು: ಆಲಾಪದಿಂದ ಆರಂಭಿಸಬಹುದು, ಮೆಚ್ಚಿನ ಸಾಲನ್ನು ಮತ್ತೆ ಮತ್ತೆ ಹಾಡಬಹುದು, ಬೇಡವಾದ ಚರಣವನ್ನು ಕೈಬಿಡಬಹುದು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಇಬ್ಬರೂ ಇದಕ್ಕೆ ಧಾಟಿ ಹಾಕಿದರು, ಎರಡಕ್ಕೂ ಅಭಿಮಾನಿಗಳಿದ್ದರು. 2004ರ ಜನವರಿ 6ರಂದು ಕವಿತೆ ನಾಡಗೀತೆಯಾಗಿ ಅಂಗೀಕೃತವಾದ ಮೇಲೂ ಧಾಟಿಯ ಚರ್ಚೆ ಹಲವು ಸಮಿತಿಗಳನ್ನು ಕಂಡಿತು. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ನಿಗದಿಗೊಳಿಸಿ, ಪೂರ್ಣ ಪಠ್ಯವನ್ನು ಆಲಾಪವಿಲ್ಲದೆ, ಪುನರಾವರ್ತನೆಯಿಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಆದೇಶವನ್ನು ಪ್ರಶ್ನಿಸಿದ ಅರ್ಜಿಯನ್ನು ಉಚ್ಚ ನ್ಯಾಯಾಲಯ 2024ರಲ್ಲಿ ವಜಾಮಾಡಿತು. ಆ ವೇಳೆಗೆ ಇಬ್ಬರು ಸಂಯೋಜಕರೂ ತೀರಿಕೊಂಡಿದ್ದರು: ಅನಂತಸ್ವಾಮಿ 1995ರಲ್ಲಿ, ಅಶ್ವಥ್ 2009ರಲ್ಲಿ.

ಕಲಾವಿದನ ದೃಷ್ಟಿಯಿಂದ ಇದು ನಷ್ಟ. ಸುಗಮ ಸಂಗೀತದ ಜೀವವೇ ಪುನರಾವರ್ತನೆಯಲ್ಲಿದೆ. ಅದನ್ನು ತೆಗೆದರೆ ಏಕವ್ಯಕ್ತಿಯ ಭಾವಾಭಿವ್ಯಕ್ತಿಗೆ ಎಡೆಯೇ ಉಳಿಯುವುದಿಲ್ಲ. ಆದರೆ ಸಭೆಯಾಗಿ ಹಾಡುವವರ ದೃಷ್ಟಿಯಿಂದ ಇಲ್ಲಿ ಒಂದು ಲಾಭವಿದೆ. ಗಾಯಕನು ಬಿಟ್ಟ ಜಾಗದಲ್ಲಿ ಪಠ್ಯವು ಪೂರ್ತಿಯಾಗಿ ನಿಂತಿತು. ನಾಡನ್ನು ತೋಟವಾಗಿ ಕಂಡು, ಅಲ್ಲಿ ಹಿಂದೂ, ಕ್ರೈಸ್ತ, ಮುಸಲ್ಮಾನ, ಪಾರಸಿಕ, ಜೈನರನ್ನು ಹೆಸರಿಸುವ ಚರಣವನ್ನು ಈಗ ಯಾರ ಅಭಿರುಚಿಯೂ ಕೈಬಿಡುವಂತಿಲ್ಲ. ರಾಷ್ಟ್ರಗೀತೆಯಲ್ಲಿ ಅವಧಿಯ ಮಿತಿಯೇ ಸಮುದಾಯಗಳ ಪಟ್ಟಿಯನ್ನು ಹೊರಗಿಟ್ಟಿತು. ನಾಡಗೀತೆಯಲ್ಲಿ ಅವಧಿಯ ಮಿತಿ ಅಲಂಕಾರವನ್ನು ಹೊರಗಿಟ್ಟು ಪಟ್ಟಿಯನ್ನು ಕಾಪಾಡಿತು. ಎರಡು ಫಲಗಳನ್ನೂ ಕವಿಗಳು ಯೋಜಿಸಿರಲಿಲ್ಲ.

ಇನ್ನು ಸಂಬೋಧನೆಯ ಪ್ರಶ್ನೆ. ಠಾಕೂರರ ಹಾಡು ಸಂಬೋಧಿಸುವುದು ಭಾರತದ ಭಾಗ್ಯವನ್ನು ವಿಧಿಸುವವನನ್ನು; ನಾಲ್ಕನೆಯ ಚರಣದಲ್ಲಿ ಆ ವಿಧಾತನನ್ನೇ ತಾಯಿಯೆಂದು ಕರೆಯುತ್ತದೆ. ಅಲ್ಲಿ ತಾಯಿ ಎಂಬುದು ದೇವರಿಗೆ ಒಪ್ಪುವ ಹೆಸರು. ಕುವೆಂಪು ಅವರಲ್ಲಿ ಜಯಕಾರ ಸಲ್ಲುವುದು ಕರ್ನಾಟಕಮಾತೆಗೆ. ಜಯಕಾರದ ವಾಕ್ಯರಚನೆ ಉಳಿದು, ಅದನ್ನು ಪಡೆಯುವವರು ಬದಲಾಗಿದ್ದಾರೆ. ಕೀರ್ತನೆಯ ಆಕಾರದಲ್ಲಿ ನಾಡನ್ನು ಕೂರಿಸಿದಂತಾಯಿತಲ್ಲವೆ ಎಂಬ ಅಳುಕು ಕ್ರೈಸ್ತ ಓದುಗನಿಗೆ ಹುಟ್ಟಿದರೆ ಅದು ಅಕಾರಣವಲ್ಲ. ಚಕ್ರವರ್ತಿಗಾಗಿ ಪ್ರಾರ್ಥಿಸುತ್ತೇವೆ, ಚಕ್ರವರ್ತಿಗೆ ಪ್ರಾರ್ಥಿಸುವುದಿಲ್ಲ ಎಂಬ ಆದಿಸಭೆಯ ನಿಲುವು ಇಲ್ಲಿ ನೆನಪಿಗೆ ಬರುತ್ತದೆ.

ಆದರೆ ಕವಿತೆಯ ಮೊದಲ ಪದಗಳೇ ಈ ಅಳುಕಿಗೆ ಉತ್ತರ ಕೊಡುತ್ತವೆ ಎಂದು ನನ್ನ ಅಭಿಪ್ರಾಯ. ‘ತನುಜಾತೆ’ ಎಂದರೆ ಮಗಳು. ಇಲ್ಲಿ ಸ್ತುತಿಗೆ ಪಾತ್ರಳಾದ ತಾಯಿ ಮತ್ತೊಬ್ಬಳಿಂದ ಜನಿಸಿದವಳು. ಜನಿಸಿದ್ದು ಸ್ವಯಂಭುವಲ್ಲ, ಮಗಳಾಗಿರುವ ತಾಯಿ ಪರಮಸತ್ಯದ ಸ್ಥಾನವನ್ನು ಕೇಳಲಾರಳು. ಅಸ್ಸೀಸಿಯ ಫ್ರಾನ್ಸಿಸನು ತನ್ನ ಸೃಷ್ಟಿಗೀತೆಯಲ್ಲಿ ಭೂಮಿಯನ್ನು ತಾಯಿಯೆಂದೂ ಅದೇ ಉಸಿರಿನಲ್ಲಿ ಸೋದರಿಯೆಂದೂ ಕರೆದನು. ತಾಯಿಯೆಂಬುದರಿಂದ ಋಣವನ್ನೂ ಸೋದರಿಯೆಂಬುದರಿಂದ ಸೃಷ್ಟಿಯೊಳಗಿನ ಸಮಾನತೆಯನ್ನೂ ಅವನು ಸೂಚಿಸಿದನು. ಕುವೆಂಪು ಬೇರೆ ದಾರಿಯಿಂದ ಅಂಥದೇ ಜೋಡಿಗೆ ಬಂದಿದ್ದಾರೆ. ಹೀಗೆ ಓದಿದಾಗ ನಾಡಗೀತೆಯನ್ನು ಸೃಷ್ಟಿಗೆ ಸಲ್ಲುವ ಮರ್ಯಾದೆಯಾಗಿ, ಯೆರೆಮೀಯ 29:7ರಲ್ಲಿ ವಿಧಿಸಿರುವ ಪಟ್ಟಣದ ಕ್ಷೇಮಚಿಂತನೆಯಾಗಿ, ಅಂತಃಕರಣಕ್ಕೆ ತೊಡಕಿಲ್ಲದೆ ಹಾಡಬಹುದು.

ಈ ಓದನ್ನು ಒಪ್ಪದವರೂ ಇರಬಹುದು. ಅವರಿಗೂ ನಾಡಿನಲ್ಲಿ ಸ್ಥಳವಿರಬೇಕು. 1986ರ ಬಿಜೊ ಇಮ್ಯಾನುವೆಲ್ ಪ್ರಕರಣದಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತು, ವಿಶ್ವಾಸದ ಕಾರಣದಿಂದ ಹಾಡದೆ ಇದ್ದ ಕೇರಳದ ಮೂವರು ಯೆಹೋವನ ಸಾಕ್ಷಿಗಳ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಹಾಡುವ ಸ್ವಾತಂತ್ರ್ಯಕ್ಕೆ ಬೆಲೆ ಬರುವುದು ಹಾಡದಿರುವ ಸ್ವಾತಂತ್ರ್ಯ ಇರುವಲ್ಲಿ. ಅವರ ದೇವಶಾಸ್ತ್ರವನ್ನು ನಾವು ಒಪ್ಪದಿದ್ದರೂ ಆ ಮಕ್ಕಳ ಮೌನ ನಮ್ಮ ಹಾಡಿನ ಪ್ರಾಮಾಣಿಕತೆಯನ್ನು ಕಾಯುತ್ತದೆ.

ಕವಿತೆಯ ಒಳಗಿನ ಒಂದು ಅಸಮತೆಯನ್ನೂ ಹೇಳದೆ ಇರಲಾಗದು. ಕ್ರೈಸ್ತರು ತೋಟದ ನಿವಾಸಿಗಳಾಗಿ ಬರುತ್ತಾರೆ. ತೋಟಕ್ಕೆ ನೀರೆರೆದವರ ಸಾಲಿನಲ್ಲಿ ಬರುವುದಿಲ್ಲ. ಆಚಾರ್ಯರು, ಸಂತರು, ಕವಿಗಳು, ಅರಸರು ಹೆಸರಾಗಿ ಬರುತ್ತಾರೆ. 1850ರಲ್ಲಿ ದಾಸರ ಪದಗಳನ್ನು ಅಚ್ಚಿಗೆ ತಂದ ಮೋಗ್ಲಿಂಗ್, 1862ರಲ್ಲಿ ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿ 1894ರಲ್ಲಿ ನಿಘಂಟನ್ನು ಕೊಟ್ಟ ಕಿಟ್ಟೆಲ್ ಮೊದಲಾದವರ ಪರಂಪರೆಗೆ ಅಲ್ಲಿ ಎಡೆಯಿಲ್ಲ. ಹೆಸರು ಸೇರಿಸಿರೆಂದು ಕೇಳಬಹುದು. ಮಧ್ವಾಚಾರ್ಯರ ಹೆಸರಿನ ಕುರಿತು ಅಂಥ ಚರ್ಚೆ ನಡೆದದ್ದುಂಟು, ಈಗಿನ ಪಠ್ಯದಲ್ಲಿ ಅವರ ಹೆಸರಿದೆ. ಆದರೆ ನಾವು ಆ ದಾರಿ ಹಿಡಿಯಬೇಕಾಗಿಲ್ಲ. ಸಾಧನೆಯ ಲೆಕ್ಕ ಒಪ್ಪಿಸದೆಯೇ ಹೆಸರು ಹೇಳಿ ಕರೆಸಿಕೊಳ್ಳುವುದು ಕೃಪೆಯ ಭಾಷೆಗೆ ಹೆಚ್ಚು ಸಮೀಪವಾದದ್ದು. ಮಾವಿನಕುರ್ವೆಯಂಥ ಊರಿನಲ್ಲಿ, ಮನೆಯಲ್ಲೂ ದೇವಾಲಯದಲ್ಲೂ ಕೊಂಕಣಿಯಾಡಿ ಶಾಲೆಯಲ್ಲಿ ಕನ್ನಡ ಹಾಡುವ ಕ್ರೈಸ್ತ ಮಗುವಿಗೆ ಈ ಹಾಡು ಅದರ ನದಿಯ ಹೆಸರನ್ನೂ ಅದರ ಸಮುದಾಯದ ಹೆಸರನ್ನೂ ಕೊಡುತ್ತದೆ. ಅರ್ಹತೆಯನ್ನು ಮುಂಚಿತವಾಗಿ ಕೇಳುವುದಿಲ್ಲ.

ಸಭೆಗೆ ಇದರಿಂದ ಒಂದು ಪಾಠವಿದೆ. ಆರಾಧನೆಯಲ್ಲಿ ಹೊತ್ತಾಯಿತೆಂದು ಕೀರ್ತನೆಯ ನಡುವಿನ ಚರಣಗಳನ್ನು ನಾವು ಸಲೀಸಾಗಿ ಬಿಡುತ್ತೇವೆ. ಜಾನ್ ನ್ಯೂಟನ್ 1773ರ ಹೊಸವರ್ಷಕ್ಕೆ ಬರೆದ ‘ಅಮೇಜಿಂಗ್ ಗ್ರೇಸ್’ ಇಂದು ಬಹಳ ಕಡೆ ಅವನು ಬರೆಯದ ಚರಣದಿಂದ ಮುಗಿಯುತ್ತದೆ. ಅವನ ಸ್ವಂತ ಕೊನೆಯ ಚರಣಗಳನ್ನು ಹಾಡುವವರು ವಿರಳ. ಧ್ವನಿಮುದ್ರಿಕೆಯೊಂದು ನಾಲ್ಕು ಚರಣಗಳನ್ನು ಎರಡಾಗಿಸಿದರೆ ಮುಂದಿನ ತಲೆಮಾರಿಗೆ ಕೀರ್ತನೆಯೇ ಎರಡು ಚರಣದ್ದಾಗುತ್ತದೆ. ಬಿಟ್ಟ ಚರಣದಲ್ಲಿ ಪಾಪದ ಅರಿಕೆಯಿತ್ತೆ, ಬಡವರ ನೆನಪಿತ್ತೆ, ಅನ್ಯರ ಹೆಸರಿತ್ತೆ ಎಂದು ನೋಡುವ ಹೊಣೆ ಗಾಯನಮಂಡಳಿಯದು ಮಾತ್ರವಲ್ಲ, ಸಭಾಪಾಲಕನದೂ ಹೌದು. ಅಲಂಕಾರವನ್ನು ಮೊಟಕುಗೊಳಿಸಿ ಹೆಸರುಗಳನ್ನು ಉಳಿಸಿಕೊಂಡ ನಾಡಗೀತೆಯ ನಿಯಮ ಆ ಹೊಣೆಗೆ ಒಳ್ಳೆಯ ಮೇಲ್ಪಂಕ್ತಿ.